ನಿಂತು ತಿನ್ನುವ ಊರು

ಕನ್ನಡದಲ್ಲಿ ಕಾವ್ಯಕ್ಕೆ ವಿಮರ್ಶೆಯಿದೆ, ನಾಟಕಕ್ಕಿದೆ, ಸಂಗೀತಕ್ಕೂ ಇದೆ. ತಿಂಡಿಗೆ ಮಾತ್ರ ಇಲ್ಲ. ದಿನಕ್ಕೊಮ್ಮೆಯಾದರೂ ಹೋಟೆಲಿನ ಮೆಟ್ಟಿಲು ಹತ್ತುವ ಬೆಂಗಳೂರಿನವರ ಬಾಯಲ್ಲಿ ತಿಂಡಿಯನ್ನು ಕುರಿತು ಬರುವ ಮಾತು ಎರಡೇ ಬಗೆಯದು. ಒಂದು, "ಮೊದಲಿನ ರುಚಿ ಈಗೆಲ್ಲಿ ಬರಬೇಕು ಸ್ವಾಮಿ" ಎಂಬ ನಿಟ್ಟುಸಿರು. ಇನ್ನೊಂದು ಈಚಿನದು, ತಟ್ಟೆ ಮುಂದೆ ಬಂದೊಡನೆ ಕೈಯಿಕ್ಕುವುದನ್ನು ಬಿಟ್ಟು ಅದರ ಫೋಟೋ ಹಿಡಿದು, ಇದಕ್ಕೆ ಸಮಾನವಾದದ್ದು ಮೂರು ಲೋಕದಲ್ಲೂ ಇಲ್ಲವೆಂದು ಸಾರುವುದು. ಮೊದಲನೆಯದು ಶ್ರಾದ್ಧದ ದಿನ ಆಡತಕ್ಕ ಮಾತು, ಎರಡನೆಯದು ಜಾಹೀರಾತಿನ ಮಾತು. ಇವೆರಡರ ನಡುವೆ, ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿದೆ ಎನ್ನುವ ಒಂದು ಮಾತಿಗೂ ಸ್ಥಳವಿರಬೇಕಲ್ಲವೆ?

ಕಳೆದ ಕೆಲವು ತಿಂಗಳು ನಾನು ಈ ಊರಿನ ಹೋಟೆಲು, ದರ್ಶಿನಿ, ಮಿಲಿಟರಿ ಹೋಟೆಲು, ತಳ್ಳುಗಾಡಿಗಳನ್ನು ಸುತ್ತಿ ಬಂದಿದ್ದೇನೆ. ಸ್ವಂತ ದುಡ್ಡು, ಸ್ವಂತ ಹೊಟ್ಟೆ. ಎರಡನ್ನೂ ಮಿತಿಮೀರಿ ದಂಡಿಸಿಲ್ಲ. ಆದಷ್ಟೂ ವಾರದ ನಡುವೆ, ಅವೇಳೆಯಲ್ಲಿ ಹೋದೆ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಯಾವ ಹೋಟೆಲಿನ ಇಡ್ಲಿಯಾದರೂ ಚೆನ್ನಾಗಿಯೇ ಇರುತ್ತದೆ. ಹಬೆ ಆರುವುದಕ್ಕೆ ಅವಕಾಶವೆಲ್ಲಿ? ಮಂಗಳವಾರ ಹನ್ನೊಂದು ಗಂಟೆಗೆ ಹೋಗಿ ನೋಡಬೇಕು. ಬೆಳಗಿನ ಜನ ಕಚೇರಿ ಸೇರಿದ್ದಾರೆ, ಮಧ್ಯಾಹ್ನದವರು ಇನ್ನೂ ಬಂದಿಲ್ಲ, ಗಲ್ಲಾದವನು ಪತ್ರಿಕೆ ಬಿಡಿಸಿದ್ದಾನೆ. ಆ ಹೊತ್ತಿನಲ್ಲಿ ಕೊಡುವ ಚಟ್ನಿ ಆಗ ರುಬ್ಬಿದ್ದೋ, ಬೆಳಗಿನದಕ್ಕೆ ನೀರು ಹೊಯ್ದು ಹಿಗ್ಗಿಸಿದ್ದೋ ಎಂಬುದರಲ್ಲಿ ಆ ಹೋಟೆಲಿನ ಸತ್ಯವೆಲ್ಲ ಇದೆ. ಹೋಟೆಲನ್ನು ಅದರ ಅತ್ಯುತ್ತಮ ತಟ್ಟೆಯಿಂದ ಅಳೆಯುವುದು ಕವಿಯನ್ನು ಅವನ ಒಂದು ಸಾಲಿನಿಂದ ಅಳೆದಂತೆ. ಸಾಧಾರಣ ದಿನ, ಗುರುತಿಲ್ಲದ ಗಿರಾಕಿಗೆ, ಸಾಧಾರಣ ತಟ್ಟೆ ಹೇಗೆ ಬಂತು? ಇದು ನನ್ನ ಮೊದಲ ಅಳತೆ.

ಎರಡನೆಯ ಅಳತೆ ನಾಲಗೆಗೆ ಸಂಬಂಧಿಸಿದ್ದಲ್ಲ. ತಿನ್ನುವವನು ಎಲ್ಲಿ, ಹೇಗೆ ಇದ್ದು ತಿನ್ನುತ್ತಾನೆ ಎಂಬುದು. ಸುತ್ತುತ್ತ ಸುತ್ತುತ್ತ ನನಗೆ ಈ ಎರಡನೆಯದೇ ದೊಡ್ಡದಾಗಿ ಕಾಣತೊಡಗಿತು. ಬೆಂಗಳೂರಿನ ಹೋಟೆಲಿನ ಕಥೆ ಕುರ್ಚಿಯ ಕಥೆ. ಇನ್ನೂ ಹಿಂದಕ್ಕೆ ಹೋದರೆ ಮಣೆಯ ಕಥೆ.

ಹೊರಗೆ ಉಂಡರೆ ಮೈಲಿಗೆಯೆಂದು ನಂಬಿದ್ದ ಜನರಿಗೆ ಉಡುಪಿ ಕಡೆಯಿಂದ ಬಂದ ಅಡಿಗೆಯವರು ಕಾಫಿ ಕ್ಲಬ್ಬುಗಳನ್ನು ತೆರೆದು, ಅಡಿಗೆ ಮಾಡುವವರ ಜಾತಿಯನ್ನು ಫಲಕದ ಮೇಲೆಯೇ ಬರೆಸಿ ಧೈರ್ಯ ಹೇಳಿದರು. ಒಬ್ಬರಿಗೆ ಹೇಳಿದ ಧೈರ್ಯ ಇನ್ನೊಬ್ಬರಿಗೆ ಅವಮಾನವಾಗಿತ್ತು ಎಂಬುದನ್ನು ನಮ್ಮ ಹೋಟೆಲುಗಳ ಗುಣಗಾನ ಮಾಡುವವರು ಸಾಮಾನ್ಯವಾಗಿ ಬರೆಯುವುದಿಲ್ಲ. ಒಳಗಿನ ಕೋಣೆ ಕೆಲವರಿಗೆ, ಹೊರಗಿನ ಬೆಂಚು ಕೆಲವರಿಗೆ, ಬೆಂಚೂ ಇಲ್ಲದವರು ಕೆಲವರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ ೧೫ನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಟ್ಟು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದಿತು; ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆದವನಿಗೆ ಶಿಕ್ಷೆ ಗೊತ್ತುಮಾಡಿತು. ಇಡ್ಲಿ ತಿನ್ನುವ ಜಾಗವನ್ನು ಒಂದು ದೇಶದ ಮೂಲ ಶಾಸನದಲ್ಲಿ ಬರೆಯಬೇಕಾಯಿತೆಂದರೆ ಅದು ಬರಿಯ ಇಡ್ಲಿಯ ವಿಷಯವಾಗಿರಲಿಲ್ಲ ಎಂದು ತಿಳಿಯಬಹುದು.

ಈ ಹಿನ್ನೆಲೆಯಲ್ಲಿ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಅನ್ನು ನೋಡಬೇಕು. ಕೋಟ ಸೀಮೆಯಿಂದ ಬಂದ ಮಯ್ಯ ಸೋದರರು ೧೯೨೪ರಲ್ಲಿ ತೆರೆದಾಗ ಇದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪನ್ನು ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಶುಚಿ ಅವರ ಮನಸ್ಸನ್ನು ಹಿಡಿಯಿತು; ಪಾತ್ರೆ ಲೋಟಗಳನ್ನು ಹಬೆಯಲ್ಲಿ ತೊಳೆಯುವುದು ಇಲ್ಲಿ ಪದ್ಧತಿಯಾಯಿತು. ೧೯೬೦ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. ಮಡಿಯ ಜಾಗಕ್ಕೆ ಶುಚಿ ಬಂತು. ಮೂವತ್ತಾರು ವರ್ಷಗಳಲ್ಲಿ ಒಂದು ಊರಿನ ಮನಸ್ಸು ಎಷ್ಟು ದೂರ ನಡೆಯಿತೆಂಬುದನ್ನು ಈ ಎರಡು ಫಲಕಗಳು ಹೇಳುವಷ್ಟು ಸ್ಪಷ್ಟವಾಗಿ ನಮ್ಮ ಕಾದಂಬರಿಗಳೂ ಹೇಳಿಲ್ಲವೇನೋ.

ಅಲ್ಲಿನ ರವೆ ಇಡ್ಲಿಯ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಮ್ಮಲ್ಲೇ ಎಂದು ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಅಭಾವದಲ್ಲಿ ಹುಟ್ಟಿದ ತಿಂಡಿಗಳು ಸಾಮಾನ್ಯವಾಗಿ ಅಭಾವ ತೀರಿದೊಡನೆ ಸಾಯುತ್ತವೆ. ಇದು ಬದುಕಿತು. ಕಾರಣ, ಇದು ಅಕ್ಕಿಯ ಇಡ್ಲಿಯನ್ನು ಅನುಕರಿಸಲಿಲ್ಲ. ಅಕ್ಕಿಯ ಇಡ್ಲಿ ಮೆತ್ತಗೆ, ಬೆಳ್ಳಗೆ, ಮಾತಿಲ್ಲದ್ದು. ಚಟ್ನಿಯೇ ಅದರ ಪರವಾಗಿ ಮಾತನಾಡಬೇಕು. ರವೆ ಇಡ್ಲಿ ಕಾಳುಕಾಳಾಗಿ, ಒಗ್ಗರಣೆಯ ಸಾಸಿವೆ, ಗೋಡಂಬಿ, ಕೊತ್ತಂಬರಿ ಸೊಪ್ಪನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಪಕ್ಕದಲ್ಲಿ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ತುಪ್ಪವನ್ನು ಒಮ್ಮೆಗೇ ಸುರಿಯದೆ ತುತ್ತುತುತ್ತಿಗೆ ಹನಿಸಿಕೊಳ್ಳುವವನು ಬುದ್ಧಿವಂತ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಗೆ ಬೆಲೆ ಗೊತ್ತುಮಾಡಿದಾಗ, ಆ ಬೆಲೆಗೆ ಆ ಗುಣ ಸಾಧ್ಯವಿಲ್ಲವೆಂದು ಈ ಹೋಟೆಲು ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು ೧೯೮೪ರಲ್ಲಿ. ನಡುವಣ ಕಾಲದಲ್ಲಿ ಇಡ್ಲಿಯ ಹಿಟ್ಟು ಪೊಟ್ಟಣ ಸೇರಿ ಅಂಗಡಿ ಅಂಗಡಿಗೆ ಹೋಯಿತು. ಆ ಪೊಟ್ಟಣದ ವ್ಯಾಪಾರವನ್ನು ೨೦೦೭ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು.

ದೋಸೆಯ ವಿಷಯಕ್ಕೆ ಬಂದರೆ ಈ ಊರು ಎರಡು ಪಂಥ: ಗಾಂಧಿಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರದ ಸಿ.ಟಿ.ಆರ್. ಇದರಲ್ಲಿ ಪಕ್ಷ ವಹಿಸುವುದು ಅಪಾಯ. ಮದುವೆ ಸಂಬಂಧಗಳೇ ಮುರಿದಾವು. ೧೯೪೩ರಲ್ಲಿ ಸುತ್ತಣ ಶಾಲಾ ಕಾಲೇಜುಗಳ ಹುಡುಗರನ್ನು ನೆಚ್ಚಿ ಹೆಸರಿಟ್ಟುಕೊಂಡ ವಿದ್ಯಾರ್ಥಿ ಭವನದ ದೋಸೆ ದಪ್ಪ, ಹೊರಗೆ ಗರಿಗರಿ, ಕಂದು ಬಣ್ಣ ಕಡುವಾಗುವ ತನಕ ಕಾವಲಿಯ ಮೇಲಿದ್ದು ಬಂದದ್ದು. ಜೊತೆಗೆ ಸಾಂಬಾರಿಲ್ಲ, ನೀರಾದ ಕಾಯಿಚಟ್ನಿ ಒಂದೇ. ಮೊದಲ ಬಾರಿ ಬಂದವರು ಇದನ್ನು ಕೊರತೆಯೆಂದು ತಿಳಿಯುತ್ತಾರೆ. ಅಲ್ಲ; ಅಷ್ಟು ಕಡುವಾಗಿ ಸುಟ್ಟ ದೋಸೆಗೆ ಸಾಂಬಾರು ಬಿದ್ದರೆ ಎರಡೂ ಕೆಡುತ್ತವೆ. ತೋಳಿನುದ್ದಕ್ಕೂ ಹತ್ತು ಹನ್ನೆರಡು ತಟ್ಟೆ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ನೋಡುವುದಕ್ಕೇ ಜನ ಬರುವುದುಂಟು. ಸಿ.ಟಿ.ಆರ್.ನ ಬೆಣ್ಣೆ ಮಸಾಲೆ ದೋಸೆ ಇನ್ನಷ್ಟು ಸೌಮ್ಯ; ಅಂಚು ಗರಿ, ನಡು ಮೃದು. ಬೆಣ್ಣೆಯ ಹೆಸರಿದ್ದರೂ ಇದು ದಾವಣಗೆರೆಯ ಬೆಣ್ಣೆದೋಸೆಯ ಬಳಗವಲ್ಲ. ಅಲ್ಲಿ ಹಿಟ್ಟಿಗೆ ಮಂಡಕ್ಕಿ ಸೇರುತ್ತದೆ, ಪಲ್ಯಕ್ಕೆ ಅರಿಸಿನ ಸೋಕುವುದಿಲ್ಲ, ದೋಸೆ ಅಂಗೈಯಗಲ ಹಗುರವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಈಗ ಬೀದಿಗೊಂದು ದಾವಣಗೆರೆ ಹೆಸರಿನ ಅಂಗಡಿ ಇದೆ. ಅವುಗಳಲ್ಲಿ ಹಲವು ಬೆಣ್ಣೆಯನ್ನು ಮಾತ್ರ ದಾವಣಗೆರೆಯಿಂದ ಕಲಿತಿವೆ, ದೋಸೆಯನ್ನಲ್ಲ.

ಹೆಸರಾದ ಹೋಟೆಲುಗಳ ಕಷ್ಟ ಅಡಿಗೆಯದಲ್ಲ, ಕೀರ್ತಿಯದು. ವಾರದ ಕೊನೆಯಲ್ಲಿ ಒಂದು ದೊಡ್ಡ ಹೆಸರಿನ ಹೋಟೆಲಿಗೆ ಹೋದೆ. ಯಾವುದೆಂಬುದು ಬೇಡ, ಹಲವಕ್ಕೆ ಅನ್ವಯಿಸುವ ಮಾತು. ಮುಕ್ಕಾಲು ಗಂಟೆ ರಸ್ತೆಯಲ್ಲಿ ನಿಂತು ಹೆಸರು ಕೂಗಿಸಿಕೊಂಡು ಒಳಹೋದ ಮೇಲೆ, ನಾನು ಕುಳಿತ ಕುರ್ಚಿಯ ಹಿಂದೆ ಇಬ್ಬರು ನಿಂತರು. ಒಬ್ಬರ ಕಣ್ಣು ನನ್ನ ದೋಸೆಯ ಮೇಲೆ. ಎಷ್ಟು ಉಳಿದಿದೆ ಎಂಬ ಲೆಕ್ಕ. ಕಾಫಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಕುರ್ಚಿಯಿದೆ, ಕೂರುವುದು ಮಾತ್ರ ಸಾಧ್ಯವಿಲ್ಲ. ಹಾಗಾದರೆ ಕುರ್ಚಿಯೇಕೆ ಬೇಕು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಬೆಂಗಳೂರು ಆ ಪ್ರಶ್ನೆಯನ್ನು ನಲವತ್ತು ವರ್ಷಗಳ ಹಿಂದೆಯೇ ಕೇಳಿತು.

೧೯೮೩ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಯಿತು. ಆರ್. ಪ್ರಭಾಕರ್ ಎಂಬವರ ಕಲ್ಪನೆಯಿದು. ಕುರ್ಚಿಯಿಲ್ಲ, ಸಪ್ಲೈಯರಿಲ್ಲ, ಮೊದಲು ದುಡ್ಡು ಕೊಟ್ಟು ಚೀಟಿ ಪಡೆಯಬೇಕು, ಚೀಟಿ ತೋರಿಸಿ ತಟ್ಟೆ ಪಡೆಯಬೇಕು, ಎದೆಯೆತ್ತರದ ಮೇಜಿನ ಮುಂದೆ ನಿಂತು ತಿನ್ನಬೇಕು. ಅಡಿಗೆಮನೆ ಎದುರಿಗೇ ಇದೆ, ಎಲ್ಲವೂ ಕಣ್ಣಿಗೆ ಬೀಳುತ್ತದೆ, ಹೆಸರು ಸಾರ್ಥಕ. ಸಣ್ಣ ಮಳಿಗೆಯಲ್ಲಿ ಗಂಟೆಗೆ ನೂರಾರು ಜನ ತಿಂದು ಹೋಗಬಹುದಾದ್ದರಿಂದ ಬಾಡಿಗೆಯೂ ಹುಟ್ಟುತ್ತದೆ, ಬೆಲೆಯೂ ಇಳಿಯುತ್ತದೆ, ತಿಂಡಿಯೂ ಬಿಸಿಯಾಗಿರುತ್ತದೆ. ಮುಂದೆ 'ದರ್ಶಿನಿ' ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೋಟೆಲುಗಳಿಗೆಲ್ಲ ಅಂಕಿತವಾಯಿತು. ಹೊಸ ಛಂದಸ್ಸನ್ನು ಕಂಡುಹಿಡಿದ ಕವಿಗೂ ಇಂಥ ಭಾಗ್ಯ ಅಪರೂಪ.

ದರ್ಶಿನಿಯನ್ನು ಹಳಬರು ಹೀಗಳೆಯುತ್ತಾರೆ. ಕುದುರೆಗಳಂತೆ ನಿಂತು ತಿನ್ನುವುದೆಂದು ಒಬ್ಬ ಹಿರಿಯರು ನನ್ನೊಡನೆ ಮುಖ ಸಿಂಡರಿಸಿದರು. ನನಗೆ ಹಾಗೆ ಕಾಣುವುದಿಲ್ಲ. ಒಳಕೋಣೆಯನ್ನು ಕಾನೂನು ತೆಗೆದುಹಾಕಿತು, ನಿಜ. ಆದರೆ ಯಾರ ಪಕ್ಕದಲ್ಲಿ ಕೂರುವುದೆಂಬ ಕಣ್ಣಿನ ಲೆಕ್ಕಾಚಾರ ಕುರ್ಚಿ ಇರುವ ತನಕ ಇದ್ದೇ ಇತ್ತು. ನಿಂತ ಮೇಜಿಗೆ ಅಗ್ರಸ್ಥಾನವಿಲ್ಲ. ಬ್ಯಾಂಕಿನ ಅಧಿಕಾರಿ, ಗಾರೆ ಕೆಲಸದವನು, ಕಾಲೇಜಿನ ಹುಡುಗಿ, ಆಟೋ ಚಾಲಕ ನಾಲ್ವರೂ ಒಂದೇ ಮೇಜಿನ ನಾಲ್ಕು ಮೂಲೆಯಲ್ಲಿ ನಿಂತು, ಯಾರೆಂದು ಕೇಳದೆ, ಚಟ್ನಿ ಬಟ್ಟಲನ್ನು ಅತ್ತಿತ್ತ ಸರಿಸಿಕೊಳ್ಳುವುದನ್ನು ನಾನು ಬಸವನಗುಡಿಯಲ್ಲೂ ಕಂಡೆ, ಯಶವಂತಪುರದಲ್ಲೂ ಕಂಡೆ. ಭಾಷಣ ಬೇಡ, ಈ ನೋಟ ಸಾಕು.

ಶಂಕರಪುರದಲ್ಲಿ ಇದಕ್ಕೆ ಒಂದು ಸೊಗಸಾದ ವಿಡಂಬನೆಯೂ ಇದೆ. ೧೯೬೫ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಫಲಕದಲ್ಲಿ ಜಾತಿಯ ಹೆಸರು ಇನ್ನೂ ಇದೆ. ಆದರೆ ಅದರ ಊಟದ ಮನೆಯೆಂಬುದು ಮುಂದಿನ ಕಾಲುದಾರಿ. ಅಲ್ಲಿ ಎಲ್ಲ ಜನವೂ ನಿಂತು, ಗೋಡೆಗೆ ಒರಗಿ, ಮೆಟ್ಟಿಲಂಚಿನಲ್ಲಿ ಕುಳಿತು ತಿನ್ನುತ್ತಾರೆ. ಫಲಕ ಒಂದು ಕಾಲದ್ದು, ಕಾಲುದಾರಿ ಇನ್ನೊಂದು ಕಾಲದ್ದು. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಇಷ್ಟೇ ತಿಂಡಿ. ಸಾಂಬಾರು ಇಲ್ಲವೇ ಇಲ್ಲ. ಚಟ್ನಿ ಬಡಿಸುವುದಕ್ಕೆಂದೇ ಒಬ್ಬರಿದ್ದಾರೆ. ಎಷ್ಟು ಬಾರಿ ತಟ್ಟೆ ಚಾಚಿದರೂ ಹುಬ್ಬು ಗಂಟಿಕ್ಕದೆ ಸುರಿಯುತ್ತಾರೆ. ನನ್ನ ಹನ್ನೊಂದು ಗಂಟೆಯ ಪರೀಕ್ಷೆಯಲ್ಲಿ ಇಷ್ಟು ಸಲೀಸಾಗಿ ತೇರ್ಗಡೆಯಾದ ಚಟ್ನಿ ಇನ್ನೊಂದಿಲ್ಲ. ನಾಲ್ಕೇ ತಿಂಡಿ ಮಾಡುವವನಿಗೆ ನಾಲ್ಕನ್ನೂ ಕೆಡಿಸುವ ಅವಕಾಶ ಕಡಿಮೆ.

ಸಾಧಾರಣ ದರ್ಶಿನಿ ಎಡವುವುದು ಇಲ್ಲಿಯೇ. ಗೋಡೆಯ ಮೇಲೆ ಎಂಬತ್ತು ತಿಂಡಿಗಳ ಪಟ್ಟಿ: ಇಡ್ಲಿಯಿಂದ ಹೊರಟು, ಪನ್ನೀರಿನ ಮೇಲೆ ಹಾದು, ಗೋಬಿ ಮಂಚೂರಿಯಲ್ಲಿ ಮುಕ್ತಾಯ. ಹೂಕೋಸನ್ನು ಕೆಂಪು ಬಣ್ಣದಲ್ಲಿ ಮುಳುಗಿಸಿ ಅದಕ್ಕೆ ಚೀನಾ ದೇಶದ ಒಂದು ಸೀಮೆಯ ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ತಿನ್ನುವವರ ಧೈರ್ಯವನ್ನು ಇನ್ನೂ ಮೆಚ್ಚಬೇಕು. ಇಷ್ಟೆಲ್ಲ ಮಾಡುವಾಗ ಇಡ್ಲಿಗೆ ಗಮನವೆಲ್ಲಿ? ಉದ್ದಿನಬೇಳೆಗೆ ಜಿಪುಣತನ ಮಾಡಿ ಸೋಡಾ ಹಾಕಿ ಉಬ್ಬಿಸುತ್ತಾರೆ. ಸಾಂಬಾರಿಗೆ ಹುಣಿಸೆ ಕಡಿಮೆಯಾದ ಕಡೆ ಬೆಲ್ಲ ತುಂಬುತ್ತಾರೆ. ಒಂದು ದರ್ಶಿನಿಯಲ್ಲಿ ಸಾಂಬಾರೋ ಪಾಯಸವೋ ತಿಳಿಯದೆ ಪಕ್ಕದವರ ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಸುಡುವ ಇಡ್ಲಿ ಇಡುವ ಅಭ್ಯಾಸ ಇನ್ನೊಂದು. ತಟ್ಟೆ ತೊಳೆಯುವ ಶ್ರಮ ಉಳಿಯುತ್ತದೆಂಬ ಲೆಕ್ಕ. ಇಡ್ಲಿ ಬೇಯಿಸುವಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಸುವುದು ಪರೀಕ್ಷೆಯಲ್ಲಿ ಕಂಡುಬಂದು, ರಾಜ್ಯದ ಆರೋಗ್ಯ ಇಲಾಖೆ ೨೦೨೫ರ ಫೆಬ್ರವರಿಯಲ್ಲಿ ಅದನ್ನು ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು. ಯಜ್ಞನಾರಾಯಣ ಮಯ್ಯರು ಯೂರೋಪಿನಿಂದ ತಂದ ಶುಚಿಯ ಹುಚ್ಚು ಈ ಊರಿಗೆ ಮತ್ತೊಮ್ಮೆ ಹತ್ತಬೇಕಾಗಿದೆ.

ಇಷ್ಟು ಓದಿದವರಲ್ಲಿ ಕೆಲವರಿಗಾದರೂ ಅಸಮಾಧಾನ ಹುಟ್ಟಿರಬೇಕು. ಹುಟ್ಟದಿದ್ದರೆ ಹುಟ್ಟಬೇಕಾಗಿತ್ತು. ಬೆಂಗಳೂರಿನ ತಿಂಡಿ ಎಂದೊಡನೆ ಇಡ್ಲಿ, ದೋಸೆ, ಕಾಫಿ ಎನ್ನುವುದು ಪತ್ರಿಕೆ ಓದುವ ನಮ್ಮ ವರ್ಗದ ಅಭ್ಯಾಸ. ಈ ಊರಿನ ನಾಲಗೆಯ ದೊಡ್ಡ ಭಾಗವೊಂದು ಈ ವರ್ಣನೆಯಿಂದ ಹೊರಗೇ ಉಳಿಯುತ್ತದೆ. ಅದು ಮಿಲಿಟರಿ ಹೋಟೆಲಿನದು. ಕಾಟನ್‌ಪೇಟೆ, ಚಿಕ್ಕಪೇಟೆ, ಜಯನಗರಗಳ ಮಿಲಿಟರಿ ಹೋಟೆಲುಗಳಲ್ಲಿ ಬೆಳಗಿನ ಹೊತ್ತೇ ಕಾಲ್ ಸೂಪು, ಖೀಮಾ, ದೋಸೆ. ಮಧ್ಯಾಹ್ನಕ್ಕೆ ಮುದ್ದೆ, ಮಟನ್ ಸಾರು, ದೊನ್ನೆ ಬಿರಿಯಾನಿ. ದೊನ್ನೆ ಬಿರಿಯಾನಿ ಹೈದರಾಬಾದಿನದರ ಬಡ ತಮ್ಮನಲ್ಲ, ಬೇರೆ ಮನೆತನ. ಕೇಸರಿಯಿಲ್ಲ, ಪನ್ನೀರಿನ ಪರಿಮಳವಿಲ್ಲ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ರುಬ್ಬಿದ ಹಸಿರು ಮಸಾಲೆಯಲ್ಲಿ ಜೀರಿಗೆ ಸಾಂಬ ಅಕ್ಕಿ ಬೆಂದು, ಒಣಗಿದ ಎಲೆಯ ದೊನ್ನೆಗೆ ಬೀಳುತ್ತದೆ. ಬಿಸಿ ಅನ್ನ ತಾಕಿದಾಗ ದೊನ್ನೆಯಿಂದ ಏಳುವ ವಾಸನೆಯೂ ಆ ಅಡಿಗೆಯ ಒಂದು ಸಾಮಗ್ರಿ. ಪಿಂಗಾಣಿ ತಟ್ಟೆಗೆ ಹಾಕಿದರೆ ಅರ್ಧ ರುಚಿ ಹೋಯಿತು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಹೊತ್ತು ಮೀರಿ ಹೋದವನಿಗೆ ದೊನ್ನೆಯೂ ಉಳಿದಿರುವುದಿಲ್ಲ.

ಗಮನಿಸಬೇಕಾದದ್ದು, ಮಿಲಿಟರಿ ಹೋಟೆಲಿನಲ್ಲಿ ಜನ ಕೂರುತ್ತಾರೆ. ಮುದ್ದೆಯನ್ನು ನಿಂತು ಉಣ್ಣಲಾಗುವುದಿಲ್ಲ. ಬಿಸಿ ಮುದ್ದೆಯನ್ನು ಬೆರಳಿನಿಂದ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಒಂದು ಕೈ ಎಲೆಯ ಮೇಲೆ, ಬೆನ್ನು ಸ್ವಲ್ಪ ಬಾಗಿ, ಅವಸರವಿಲ್ಲದೆ. ಚಮಚ ಅದಕ್ಕೆ ಒಗ್ಗುವುದಿಲ್ಲ, ಎದೆಯೆತ್ತರದ ಮೇಜೂ ಒಗ್ಗುವುದಿಲ್ಲ. ಇಡ್ಲಿಯನ್ನು ದರ್ಶಿನಿ ನಿಲ್ಲಿಸಿತು, ದೋಸೆಯನ್ನು ನಿಲ್ಲಿಸಿತು, ಅನ್ನಸಾಂಬಾರನ್ನೂ ನಿಲ್ಲಿಸಿತು. ರಾಗಿ ಮಾತ್ರ ಕೂತೇ ಇದೆ. ಉದ್ದ ಬೆಂಚು, ಎದುರುಬದುರು ಅಪರಿಚಿತರು, ಮಾತು ಕಡಿಮೆ. ಕೂತರೂ ಅಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ. ದರ್ಶಿನಿ ನಿಂತು ಸಾಧಿಸಿದ್ದನ್ನು ಇವರು ಕುಳಿತೇ ನಡೆಸಿಕೊಂಡು ಬಂದರು. ಅದನ್ನು ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೆ.

ಸಂಜೆಯ ಹೊತ್ತು ಸಜ್ಜನರಾವ್ ವೃತ್ತದ ಪಕ್ಕದ ತಿಂಡಿ ಬೀದಿಗೆ ಹೋಗುವವರು ಬಹಳ. ಅದನ್ನು ಬೇಗ ಮುಗಿಸುತ್ತೇನೆ. ಅವರೆಕಾಯಿಯ ಕಾಲದಲ್ಲಿ, ಎಂದರೆ ಡಿಸೆಂಬರ್ ಜನವರಿಯಲ್ಲಿ, ಅಲ್ಲಿ ಹಿತಕಿದ ಅವರೆಬೇಳೆಯ ದೋಸೆ, ಉಸಲಿ, ಸಾರು ಸಿಗುವಾಗ ಆ ಬೀದಿಗೆ ಜೀವವಿರುತ್ತದೆ. ಬೆಂಗಳೂರಿನ ಚಳಿಗೂ ಅವರೆಯ ಸೊಗಡಿಗೂ ಹಳೆಯ ನೆಂಟಸ್ತಿಕೆ. ಬಿಸಿ ಹೋಳಿಗೆಯೂ ಚೆನ್ನ. ಉಳಿದ ತಿಂಗಳುಗಳಲ್ಲಿ ಅಲ್ಲಿ ಆಳುವವನು ಚೀಸ್ ಎಂಬ ಚಕ್ರವರ್ತಿ. ದೋಸೆಯ ಮೇಲೆ ಚೀಸ್, ಪಡ್ಡಿನ ಮೇಲೆ ಚೀಸ್, ಆಲೂಗಡ್ಡೆಯ ಮೇಲೆ ಚೀಸ್. ಹಿಟ್ಟು ಹುಳಿಯಿತೋ ಇಲ್ಲವೋ ತಿಳಿಯದಂತೆ ಮುಚ್ಚುವುದಕ್ಕೆ ಇಷ್ಟು ಅನುಕೂಲವಾದ ವಸ್ತು ಬೇರೊಂದಿಲ್ಲ. ಕವಿತೆಯಲ್ಲಿ ವಿಶೇಷಣಗಳು ಮಾಡುವ ಕೆಲಸವನ್ನೇ ಇದು ತಟ್ಟೆಯಲ್ಲಿ ಮಾಡುತ್ತದೆ.

ನಿಜವಾದ ಬೀದಿತಿಂಡಿ ಅಲ್ಲಿಲ್ಲ. ಅದು ಬೆಳಿಗ್ಗೆ ಆರರಿಂದ ಹತ್ತರವರೆಗೆ, ಬಸ್ ನಿಲ್ದಾಣದ ಪಕ್ಕ, ಕಟ್ಟಡ ಏಳುತ್ತಿರುವ ಕಡೆ, ಆಸ್ಪತ್ರೆಯ ಗೇಟಿನೆದುರು ಇದೆ. ಹೊರವರ್ತುಲ ರಸ್ತೆಯ ಒಂದು ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ತಿಂಡಿ ಮಾರುವ ಹೆಂಗಸೊಬ್ಬರ ಬಳಿ ನಾಲ್ಕು ದಿನ ತಿಂದೆ. ತಟ್ಟೆ ಇಡ್ಲಿ, ಚಿತ್ರಾನ್ನ, ಒಂದು ದಿನ ಬಿಟ್ಟು ಒಂದು ದಿನ ಪಲಾವು. ಚಟ್ನಿಗೆ ಕಾಯಿ ಕಡಿಮೆ, ಕಡಲೆ ಹೆಚ್ಚು. ಆದರೆ ಅದನ್ನು ಮುಚ್ಚಿಡುವ ಪ್ರಯತ್ನವಿಲ್ಲ, ಹಸಿಮೆಣಸಿನಕಾಯಿಯನ್ನು ಮುಲಾಜಿಲ್ಲದೆ ಹಾಕಿ ಅದಕ್ಕೊಂದು ಸ್ವಂತ ಗುಣ ತಂದಿದ್ದರು. ಚಿತ್ರಾನ್ನದ ಅನ್ನ ಉದುರು ಉದುರು, ನಿಂಬೆಹುಳಿ ಹದ. ಎರಡನೆಯ ದಿನ ಕೇಳಿದೆ:

"ಸಾಂಬಾರು ಇಡೋದಿಲ್ವೇನಮ್ಮ?"

"ಅದೊಂದು ಪಾತ್ರೆ ಬೇರೆ ಹೊರಬೇಕಲ್ಲ ಸಾರ್. ಆಟೋದವನು ಅದಕ್ಕೂ ಸೇರಿಸಿ ಬಾಡಿಗೆ ಕೇಳ್ತಾನೆ. ಎತ್ಕೊಂಡು ಓಡಬೇಕಾದಾಗ ಬೇರೆ ಚೆಲ್ಲುತ್ತೆ."

ಶಂಕರಪುರದಲ್ಲಿ ಸಾಂಬಾರಿಲ್ಲದಿರುವುದು ಅಭಿರುಚಿ. ಇಲ್ಲಿ ಸಾಂಬಾರಿಲ್ಲದಿರುವುದು ಭಾರ. ಎರಡೂ ಕಡೆ ತಟ್ಟೆ ಒಂದೇ ರೀತಿ ಕಾಣುತ್ತದೆ. "ಎತ್ಕೊಂಡು ಓಡಬೇಕಾದಾಗ" ಎಂಬ ಮಾತನ್ನು ಆಕೆ, ಮಳೆ ಬಂದಾಗ ಎನ್ನುವಷ್ಟು ಸಹಜವಾಗಿ ಹೇಳಿದರು. ಬೀದಿ ವ್ಯಾಪಾರಿಗಳ ರಕ್ಷಣೆಗೆ ೨೦೧೪ರಲ್ಲಿ ಕೇಂದ್ರದ ಕಾಯಿದೆಯೇ ಬಂದಿದೆ. ಊರಿನ ವ್ಯಾಪಾರಿಗಳೆಲ್ಲರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು ಎನ್ನುತ್ತದೆ ಅದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದೂ ಹೇಳುತ್ತದೆ. ನಾನು ಆ ಹೆಂಗಸಿಗೆ ಇದನ್ನು ಹೇಳಿದೆ. ಅವರು ಚೀಟಿ ಇದೆ ಎಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಣದ ಡಬ್ಬಿಯ ತಳದಲ್ಲಿ ಇಟ್ಟಿದ್ದರು. ಐದನೆಯ ದಿನ ಹೋದಾಗ ಗಾಡಿ ಅಲ್ಲಿರಲಿಲ್ಲ. ಮುಂದಿನ ತಿರುವಿನಲ್ಲಿ, ಮರದ ಹಿಂದೆ ಇತ್ತು. ಗಿರಾಕಿಗಳು ಹೇಗೋ ಪತ್ತೆಹಚ್ಚಿ ಆಗಲೇ ಸುತ್ತುವರಿದಿದ್ದರು.

ಆ ಗಾಡಿಯ ಸುತ್ತ ನಿಲ್ಲುವವರಿಗೆ ದರ್ಶಿನಿಯೂ ಈಗ ದುಬಾರಿ. ೨೦೧೭ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ರೂಪಾಯಿ ಎಂಬುದನ್ನು ಕೇಳಿ ನಮ್ಮ ವರ್ಗದವರು ನಕ್ಕದ್ದುಂಟು. ತಳ್ಳುಗಾಡಿಯ ಮುಂದೆ ನಾಲ್ಕು ದಿನ ನಿಂತು, ಜನ ಚಿಲ್ಲರೆ ಎಣಿಸಿ ಅರ್ಧ ತಟ್ಟೆ ಚಿತ್ರಾನ್ನ ಕೇಳುವುದನ್ನು ನೋಡಿದವರು ನಗಲಾರರು. ರುಚಿಯ ವಿಮರ್ಶೆಯಲ್ಲಿ ಬೆಲೆಯ ಮಾತೆತ್ತುವುದು ಅರಸಿಕತೆ ಎಂಬ ಅಭಿಪ್ರಾಯ ಕೆಲವರದು. ಹಸಿದವನ ಮುಂದೆ ರಸಿಕತೆಯ ಮಾತೆತ್ತುವುದಕ್ಕೆ ಏನೆನ್ನಬೇಕೋ!

ಇನ್ನು ಕುರ್ಚಿಯ ಮಾತು ಉಳಿಯಿತು. ನಿಂತು ತಿನ್ನುವುದನ್ನು ನಾನು ಹೊಗಳಿದ್ದೇನೆ; ಆದರೆ ಮಂಡಿನೋವಿನ ಮುದುಕರು, ಕಂಕುಳಲ್ಲಿ ಮಗುವಿರುವ ತಾಯಿ, ಹಾಳೆಯ ಕಟ್ಟು ಹಿಡಿದು ಇನ್ನೊಬ್ಬನಿಗೆ ಹೊಸ ಪದ್ಯ ಓದಿ ತೋರಿಸಬೇಕೆಂದಿರುವ ಹುಡುಗ ಎಲ್ಲಿಗೆ ಹೋಗಬೇಕು? ಬೈಟೂ ಕಾಫಿ ಹೇಳಿ ಒಂದು ಗಂಟೆ ಜಗಳವಾಡುವ ಹಕ್ಕು ಈ ಊರಿನ ಹಳೆಯ ಹಕ್ಕುಗಳಲ್ಲೊಂದು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ೧೯೫೪ರಿಂದ ನಡೆದ ನ್ಯೂ ಕೃಷ್ಣ ಭವನ ೨೦೨೩ರಲ್ಲಿ ಮುಚ್ಚಿತು. ಕೂತು ತಿನ್ನುವ ಹಳೆಯ ಹೋಟೆಲುಗಳು ಒಂದೊಂದಾಗಿ ಹೋಗುತ್ತಿರುವುದಕ್ಕೆ ಅಡಿಗೆ ಕೆಟ್ಟದ್ದು ಕಾರಣವಲ್ಲ. ಅವುಗಳ ಕೆಳಗಿನ ನೆಲ, ಮೇಲಿನ ದೋಸೆಗಿಂತ ಸಾವಿರ ಪಾಲು ಬೆಲೆಬಾಳುವುದೇ ಕಾರಣ. ಕುರ್ಚಿ ಈಗ ಸಿಗುವುದು ಒಂದು ಲೋಟ ಕಾಫಿಗೆ ಇನ್ನೂರು ಮುನ್ನೂರು ರೂಪಾಯಿ ತೆರುವಲ್ಲಿ. ಅಲ್ಲಿ ಮಾರುವುದು ಕಾಫಿಯನ್ನಲ್ಲ, ಕುರ್ಚಿಯನ್ನು; ಕಾಫಿ ಅದಕ್ಕೆ ಕೊಡುವ ರಸೀದಿ.

ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸು ೨೦೦೯ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಹಿಂದೆ ಈ ಕಾಫಿ ಹೌಸುಗಳು ಕಾಫಿ ಮಂಡಲಿಯವು. ಮಂಡಲಿ ಅವನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡವರು ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ದೇಶದಲ್ಲಿ ಅಂಥ ಮೊದಲ ಸಂಘ ಸ್ಥಾಪನೆಯಾದದ್ದು ೧೯೫೭ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಬಿಳಿಯ ಉಡುಪು, ತಲೆಗೆ ರುಮಾಲು ತೊಟ್ಟು ಕಾಫಿ ತಂದುಕೊಡುವವನು ಅಲ್ಲಿ ಆಳಲ್ಲ, ಪಾಲುಗಾರ. ಗಿರಾಕಿಯನ್ನು ಎಬ್ಬಿಸುವ ಅವಸರ ಅವನಿಗೇಕೆ ಇಲ್ಲವೆಂಬುದಕ್ಕೆ ಇದೂ ಒಂದು ಕಾರಣವಿರಬಹುದು. ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಪಕ್ಕದ ಮೇಜಿನಲ್ಲಿ ಇಬ್ಬರು ಮುದುಕರು ಯಾವುದೋ ಹಳೆಯ ಕ್ರಿಕೆಟ್ ಪಂದ್ಯದ ಬಗ್ಗೆ ದನಿಯೇರಿಸಿ ವಾದಿಸುತ್ತಿದ್ದರು; ಅವರ ಲೋಟಗಳು ಬರಿದಾಗಿ ಎಷ್ಟೋ ಹೊತ್ತಾಗಿತ್ತು. ನಾನು ಒಂದು ಕಾಫಿ ಹೇಳಿ ಈ ಲೇಖನದ ಟಿಪ್ಪಣಿಗಳನ್ನು ಬರೆದುಕೊಳ್ಳತೊಡಗಿದೆ. ನಾಲ್ಕೂಕಾಲಿಗೆ ಕಣ್ಣೆತ್ತಿ ನೋಡಿದಾಗಲೂ ಬಿಲ್ಲು ಬಂದಿರಲಿಲ್ಲ. ಮುದುಕರು ಇನ್ನೂ ಮೂರನೆಯ ವಿಕೆಟ್ಟಿನಲ್ಲೇ ಇದ್ದರು.